ಬಸ್ಸಲ್ಲೂ ವಾಲ್ಯೂಮ್ ಹನ್ನೊಂದರಲ್ಲೇ ಹಾಡು: ಕಿವಿ ಉಳಿಸಿಕೊಂಡ ನನ್ನ ಅನುಭವ

ಬೆಂಗಳೂರಲ್ಲಿ ದಿನಕ್ಕೆ ಎರಡೂವರೆ ಗಂಟೆ ಬಸ್ಸಲ್ಲೇ ಕಳೆಯುವವನು ನಾನು. ಜೇಬಲ್ಲಿ ಪುಟ್ಟ ಪ್ಲೇಯರ್, ಒಟ್ಟು 30 ಹಂತದ ವಾಲ್ಯೂಮ್. ಎರಡು ವರ್ಷದ ಹಿಂದೆ 24ಕ್ಕಿಟ್ಟು ಕೇಳುತ್ತಿದ್ದೆ. ಮನೆಗೆ ಬಂದು ಮಲಗಿದರೆ ಕಿವಿ ಗುಂಯ್‌ಗುಡುತ್ತಿತ್ತು. "ಹಾಡು ಬಿಡು, ಕಿವಿ ಉಳಿಯುತ್ತೆ" ಅಂದ ಆಫೀಸಿನ ಗೆಳೆಯ. ಬಿಡಲಿಲ್ಲ.

ಮೊದಲು ಸುಮಾರು 2,500 ಕೊಟ್ಟು ಓಪನ್ ಬ್ಯಾಕ್ ಹೆಡ್‌ಫೋನ್ ತಂದೆ, ಹಿಂಬದಿ ತೆರೆದಿದ್ದು ಹೊರಗಿನ ಸದ್ದೂ ಒಳಗೆ ಬರುವಂಥದ್ದು. ಮನೆಯಲ್ಲಿ ಕೇಳಿದರೆ ತಂಬೂರಿಯ ಒಂದೊಂದು ಮೀಟೂ ಬೇರೆ ಬೇರೆ ಕೇಳುತ್ತಿತ್ತು. ಬಸ್ಸಲ್ಲಿ ಬರೀ ಎಂಜಿನ್ನು. 26ಕ್ಕೇರಿಸಿದೆ, ಅಂದರೆ ರೋಗಕ್ಕಿಂತ ಮದ್ದೇ ಕೆಟ್ಟದಾಯಿತು. ಆಮೇಲೆ ಕಿವಿ ಮುಚ್ಚುವ ದೊಡ್ಡದು, 3,000 ಚಿಲ್ಲರೆ. ಏಪ್ರಿಲ್ ಬಿಸಿಲಲ್ಲಿ ಬೆವರಿಗೆ ನೆಂದು ಮೂಲೆ ಸೇರಿತು.

ಕೊನೆಗೆ ಗೆದ್ದಿದ್ದು 900 ರೂಪಾಯಿಯ ವೈರಿನ ಇನ್-ಇಯರ್, ಅಂದರೆ ಕಿವಿಯೊಳಗೆ ತೂರಿಸುವ ಇಯರ್‌ಫೋನ್. ಅದೂ ಮೊದಲ ತಿಂಗಳು ಸೋತಿತ್ತು! ಬೇಸೇ (ತಗ್ಗು ದನಿ) ಇಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋದೆ. ಒಂದು ದಿನ ಸುಮ್ನೆ ಬಲಗಿವಿಯದನ್ನ ಬೆರಳಲ್ಲಿ ಒತ್ತಿದೆ. ಧಡ್ ಅಂತ ತಬಲಾ ಜೋಡಿಯ ದಪ್ಪ ದನಿಯ ಬಾಯಾಂ ಎದ್ದು ಬಂತು. ತಪ್ಪು ಇಯರ್‌ಫೋನಿನದಲ್ಲ, ಅದು ಸಂದಿಲ್ಲದೆ ಬಿಗಿಯಾಗಿ ಕೂತಿರಲಿಲ್ಲ ಅಷ್ಟೆ. ನನ್ನ ಬಲಗಿವಿಯ ತೂತು ಚಿಕ್ಕದು. ಈಗ ಇಯರ್‌ಫೋನಿನ ತುದಿಯ ಮೆತ್ತನೆ ಟಿಪ್ ಬಲಕ್ಕೆ ಸ್ಮಾಲ್, ಎಡಕ್ಕೆ ಮೀಡಿಯಂ, ಎರಡೂ ಸ್ಪಂಜಿನಂಥ ಫೋಮ್. ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನ ಮೇಲಕ್ಕೆ ಹಿಂದಕ್ಕೆ ಎಳೆದು ತೂರಿಸಿ, ಅರಳುವವರೆಗೆ ಅರ್ಧ ನಿಮಿಷ ಹಿಡಿಯುತ್ತೇನೆ. ಬಸ್ಸಿನ ಸದ್ದು ಪಕ್ಕದ ಬೀದಿಗೆ ಹೋದ ಹಾಗಾಗುತ್ತೆ.

ರಾತ್ರಿ ಮನೆ ಮಲಗಿದ ಮೇಲೆ ಹಾಯಾಗಿ ಕೇಳುವ ಮಟ್ಟ ನೋಡಿಕೊಂಡೆ: 11. ಬಸ್ಸಲ್ಲಿ ಅದನ್ನ ದಾಟಬೇಕು ಅನ್ನಿಸಿದರೆ ಟಿಪ್ ಸರಿ ಮಾಡುತ್ತೇನೆ, ಬಟನ್ ಮುಟ್ಟಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಗೊತ್ತಲ್ವಾ? ಸದ್ದು 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4. ನನ್ನ ಹಳೇ 24ಕ್ಕೆ ಆ ನಾಲ್ಕು ಗಂಟೆ ಎರಡೇ ದಿನಕ್ಕೆ ಮುಗಿಯುತ್ತಿತ್ತೋ ಏನೋ.

ನಡುವೆ ಒಂದು ಹುಚ್ಚು. ಸದ್ದು ಇನ್ನಷ್ಟು ಇಳಿಸೋಣ ಅಂತ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ಕರೆಂಟು ತಡೆಯುವ 75 ಓಮ್ ರೆಸಿಸ್ಟರ್ ತಂದು ಸಣ್ಣ ಅಡಾಪ್ಟರ್ ಬೆಸುಗೆ ಹಾಕಿದೆ. ಸದ್ದು ಇಳಿಯಿತು. ಅದೇ ಅಡಾಪ್ಟರನ್ನ ಗೆಳೆಯನ ಹಲವು ಡ್ರೈವರಿನ (ಒಳಗೆ ಹಲವು ಪುಟ್ಟ ಸ್ಪೀಕರ್ ಇರುವ) ದುಬಾರಿ ಇಯರ್‌ಫೋನ್ ಸೆಟ್ಟಿಗೆ ಹಾಕಿದರೆ ದನಿಯೇ ಬದಲಾಯಿತು. ಅವನ ಮುಖವೂ. ಸ್ವರದ ಎತ್ತರದ ಜೊತೆ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಏರಿಳಿಯುವ ಸೆಟ್ಟಿಗೆ ಇದು ಬೇಡ.

ಫೋಮ್ ಎರಡು ಮೂರು ತಿಂಗಳಿಗೆ ಸತ್ತುಹೋಗುತ್ತೆ. ನನ್ನದು ಐದು ತಿಂಗಳು ಬರುತ್ತೆ, ಹೇಗೆ ಅನ್ನೋದು ನನ್ನಲ್ಲೇ ಇರಲಿ. ರಸ್ತೆ ದಾಟುವಾಗ ಮಾತ್ರ ಎರಡನ್ನೂ ತೆಗೆಯುತ್ತೇನೆ, ಹಾಕಿಕೊಂಡಿದ್ದರೆ ಹಾರ್ನ್ ಸಹ ಕೇಳಲ್ಲ. "ಬಿಡು" ಅಂದಿದ್ದ ಗೆಳೆಯ ಮೊನ್ನೆ ಬಂದು ಕೇಳಿದ, "ಮಾರಾಯಾ, ನಿನ್ನ ಹತ್ರ ಸ್ಮಾಲ್ ಒಂದು ಜೊತೆ ಇದೆಯಾ?"