ಪೇ-ಪರ್-ವ್ಯೂ ಕುಸ್ತಿಗೆ ದುಡ್ಡು ಕೊಡುವ ಮುಂಚೆ

ಪೇ-ಪರ್-ವ್ಯೂ ಅಂದರೆ ಒಂದೊಂದು ಕಾರ್ಯಕ್ರಮಕ್ಕೂ ಬೇರೆಯಾಗಿ ದುಡ್ಡು ಕೊಟ್ಟು ಟಿವಿಯಲ್ಲಿ ನೋಡುವುದು. ಮೊದಲು ಪಂದ್ಯಗಳ ಪಟ್ಟಿಗಿಂತ ಅದರ ಹಿಂದಿನ ಜಗಳ ನೋಡಿ. ಇಬ್ಬರೂ ಯಾಕೆ ಹೊಡೆದಾಡುತ್ತಿದ್ದಾರೆ ಅಂತ ಮನೆಯವರಿಗೆ ಒಂದೇ ಮಾತಲ್ಲಿ ಹೇಳಲಾಗದಿದ್ದರೆ ನಾನು ಕೊಳ್ಳುವುದಿಲ್ಲ. ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇ ನಡೆಸಿದ 2011ರ ಮನಿ ಇನ್ ದ ಬ್ಯಾಂಕ್ ಕಾರ್ಯಕ್ರಮ ನೆನಪಿಸಿಕೊಳ್ಳಿ. ಕುಸ್ತಿಪಟು ಸಿ.ಎಂ. ಪಂಕ್‌ಗೆ ಕಂಪನಿಯ ಜೊತೆಗಿದ್ದ ಒಪ್ಪಂದ ಆ ರಾತ್ರಿಯೇ ಮುಗಿಯುತ್ತದೆ, ಎದುರಿಗೆ ಚಾಂಪಿಯನ್ ಜಾನ್ ಸೀನಾ, ಸುತ್ತ ಪಂಕ್‌ನ ತವರಾದ ಶಿಕಾಗೋ ಜನ. ಗೆದ್ದರೆ ಪಂಕ್ ಚಾಂಪಿಯನ್ ಬೆಲ್ಟ್ ಸಮೇತ ಹೊರಟುಬಿಡುತ್ತಾನೆ! ಫಲಿತಾಂಶ ಮೊದಲೇ ಬರೆದಿಟ್ಟದ್ದು ಅಂತ ಗೊತ್ತಿದ್ದೂ ನಾನು ನೀರು ಕುಡಿಯಲೂ ಏಳಲಿಲ್ಲ.

ಆಮೇಲೆ, ಪಂದ್ಯ ಮುಗಿಯುವ ಬಗೆ. ಅದೇ ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ. 1997ರ ರೆಸಲ್‌ಮೇನಿಯಾ 13ರಲ್ಲಿ ಬ್ರೆಟ್ ಹಾರ್ಟ್‌ನ ಶಾರ್ಪ್‌ಶೂಟರ್ ಹಿಡಿತದಲ್ಲಿ ಸ್ಟೀವ್ ಆಸ್ಟಿನ್ ಮುಖವೆಲ್ಲ ರಕ್ತವಾದರೂ ಸೋತೆ ಎನ್ನದೆ ಪ್ರಜ್ಞೆ ತಪ್ಪಿದ. ಸೋತವನೇ ಜನರ ಹೀರೋ ಆದ. ದುಡ್ಡು ಕೊಟ್ಟವರಿಗೆ ಇಂಥ ತೀರ್ಮಾನ ಸಿಗಲೇಬೇಕು. ಒಬ್ಬ ನಿಯಮ ಮುರಿದ ಅಂತ ಡಿಸ್‌ಕ್ವಾಲಿಫಿಕೇಶನ್ ಮಾಡಿ, ಜಗಳವನ್ನು ಮುಂದಿನ ತಿಂಗಳಿಗೆ ಎಳೆಯುವುದು ಮೋಸ.

ಕೊನೆಯ ಪಂದ್ಯವೊಂದನ್ನೇ ನಂಬಬೇಡಿ. 1987ರ ರೆಸಲ್‌ಮೇನಿಯಾ 3ಕ್ಕೆ ಜನ ಬಂದದ್ದು ಕೊನೆಯ ಪಂದ್ಯದ ಹಲ್ಕ್ ಹೋಗನ್, ಆಂಡ್ರೆಗಾಗಿ. ನಾನು ಇವತ್ತಿಗೂ ತಿರುಗಿಸಿ ತಿರುಗಿಸಿ ನೋಡುವುದು ನಡುವೆ ಬಂದ ಸ್ಯಾವೇಜ್–ಸ್ಟೀಮ್‌ಬೋಟ್ ಪಂದ್ಯವನ್ನು. ಅಂಥದ್ದೊಂದು ನಡುವಿನಲ್ಲಿ ಕಂಡರೆ ಕೊಂಡುಬಿಡಿ.