ಮಂಡ್ಯದ ಬೆಲ್ಲ, ಪರವೂರಿನ ಬಾಗಿಲು: ಪಾರ್ಸೆಲ್ ಕಳಿಸುವ ನನ್ನ ಅನುಭವ

ಮಂಡ್ಯದ ಸುತ್ತಮುತ್ತಲ ಆಲೆಮನೆಗಳಲ್ಲಿ ಬೆಲ್ಲ ಕೊಂಡು, ಅದನ್ನು ಎಪಿಎಂಸಿ ಯಾರ್ಡಿನ ಹರಾಜಿಗೆ ಒಯ್ಯದೆ, ಬೆಂಗಳೂರು, ಮಂಗಳೂರು, ಮುಂಬೈ, ಹೈದರಾಬಾದುಗಳ ಮನೆಗಳಿಗೆ ನೇರವಾಗಿ ಕಳಿಸುವುದು ಕೆಲವು ವರ್ಷಗಳಿಂದ ನನ್ನ ಕಸುಬು. ಇದೇ ಬಗೆಯ ಸಣ್ಣ ವ್ಯಾಪಾರಕ್ಕೆ ಇಳಿಯಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು ಬೆಲ್ಲದ ಬಗ್ಗೆ ಅಲ್ಲ, "ಯಾವ ಕೊರಿಯರ್ ಒಳ್ಳೆಯದು?" ಎಂದು. ಎಲ್ಲಿಗೆ ಕಳಿಸಬೇಕು ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು. ಹಾಗಾಗಿ ನಾನು ಅವರಿಂದ ಪಿನ್‌ಕೋಡ್ ಕೇಳುತ್ತೇನೆ.

ಪಾರ್ಸೆಲ್ ಒಯ್ಯುವವರಿಗೆ ಇಂದು ಮಂಡ್ಯದಂಥ ಊರಿನಲ್ಲೂ ಕೊರತೆಯಿಲ್ಲ. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್ 1986ರಿಂದ ಇದೆ. ಬ್ಲೂ ಡಾರ್ಟ್, ಪ್ರೊಫೆಷನಲ್ ಕೊರಿಯರ್ಸ್, 1990ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಡಿಟಿಡಿಸಿ, ಇವೆಲ್ಲ ಆನ್‌ಲೈನ್ ಖರೀದಿ ಬರುವುದಕ್ಕೆ ಮೊದಲೇ ಕಾಗದಪತ್ರ ಒಯ್ಯುತ್ತ ಬೆಳೆದ ಕಂಪನಿಗಳು. ಫ್ಲಿಪ್‌ಕಾರ್ಟಿನ ಎಕಾರ್ಟ್, 2011ರಲ್ಲಿ ಶುರುವಾದ ಡೆಲ್ಲಿವರಿ ಮೊದಲಾದವು ಆನ್‌ಲೈನ್ ಖರೀದಿಯ ಬೆನ್ನೇರಿ ಬಂದವು. ಇವರೆಲ್ಲರ ದರವನ್ನೂ ಒಂದೇ ಪರದೆಯ ಮೇಲೆ ತೋರಿಸಿ, ಅಲ್ಲೇ ಬುಕ್ ಮಾಡಿಕೊಳ್ಳುವ ಶಿಪ್‌ರಾಕೆಟ್‌ನಂಥ ಮಧ್ಯವರ್ತಿ ಸಂಸ್ಥೆಗಳೂ ಬಂದ ಮೇಲೆ, ದೊಡ್ಡ ಕಂಪನಿಗಳಿಗಷ್ಟೇ ಸಿಗುತ್ತಿದ್ದ ದರಕ್ಕೆ ಹತ್ತಿರದ ದರ ನಮ್ಮಂಥವರಿಗೂ ಸಿಗತೊಡಗಿತು. ಈ ಪೈಪೋಟಿಯ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2025ರಲ್ಲಿ ಡೆಲ್ಲಿವರಿಯು ಈಕಾಂ ಎಕ್ಸ್‌ಪ್ರೆಸ್ಸನ್ನು ಕೊಂಡುಕೊಂಡಂತೆ ದೊಡ್ಡದು ಸಣ್ಣದನ್ನು ಸೇರಿಸಿಕೊಳ್ಳುವುದೂ ನಡೆದಿದ್ದು, ಇಬ್ಬರು ಹೋಗುತ್ತಿದ್ದ ಊರಿಗೆ ಒಬ್ಬರೇ ಉಳಿದಾಗ ಆಯ್ಕೆ ಕಿರಿದಾಗುತ್ತದೆ.

ಇಷ್ಟು ಪೈಪೋಟಿಯಿದ್ದೂ ಪಾರ್ಸೆಲ್ ತಡವಾಯಿತು, ಒದ್ದೆಯಾಯಿತು, ಬರಲೇ ಇಲ್ಲ ಎಂಬ ದೂರು ಕಡಿಮೆಯಾಗದಿರುವುದಕ್ಕೆ ನನಗೆ ಕಾಣುವ ಕಾರಣ ಸರಳವಾದದ್ದು. ಕೊರಿಯರ್ ಕಂಪನಿಗೆ ಹಣ ಕೊಡುವವನು ಕಳಿಸುವವನು, ಬಾಗಿಲಲ್ಲಿ ಕಾಯುವವನು ಪಡೆಯುವವನು. ಬೆಲ್ಲ ತರಿಸಿಕೊಂಡ ಮುಂಬೈನ ಮನೆಯವರು ಕಂಪನಿಯನ್ನು ಆರಿಸಿದವರಲ್ಲ. ಸೇವೆ ಕೆಟ್ಟದಾಗಿದ್ದರೆ ಬಿಟ್ಟು ಬೇರೆಯದಕ್ಕೆ ಹೋಗುವ ಹಕ್ಕೂ ಅವರಿಗಿಲ್ಲ. ಅವರು ಬಿಡುವುದಾದರೆ ನನ್ನನ್ನು ಬಿಡುತ್ತಾರೆ. ಹೀಗಾಗಿ ಪೈಪೋಟಿಯೆಲ್ಲ ನನ್ನ ಜೇಬಿನ ಸುತ್ತ, ಅಂದರೆ ಕೆ.ಜಿ.ಗೆ ಎಷ್ಟು ರೂಪಾಯಿ ಎಂಬುದರ ಸುತ್ತ ನಡೆಯುತ್ತದೆ. ಪಡೆಯುವವರ ಪರವಾಗಿ ಕಂಪನಿಯನ್ನು ಆರಿಸುವ ಹೊಣೆಯನ್ನು ಕಳಿಸುವವರೇ ಹೊರಬೇಕು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಹೀಗೆ.

ಅದಕ್ಕಾಗಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟೆ. ಪ್ರತಿ ಪಾರ್ಸೆಲ್‌ಗೆ ಒಂದು ಸಾಲು: ಪಿನ್‌ಕೋಡ್, ಒಯ್ದ ಕಂಪನಿ, ಬುಕ್ ಮಾಡಿದ ದಿನ, ಮುಟ್ಟಿದ ದಿನ, ಪೆಟ್ಟಿಗೆಯ ಸ್ಥಿತಿ. ಪೆಟ್ಟಿಗೆಯ ಸ್ಥಿತಿಯನ್ನು ಟ್ರ್ಯಾಕಿಂಗ್ ಹೇಳುವುದಿಲ್ಲವಾದ್ದರಿಂದ, ಮುಟ್ಟಿದ ಮೇಲೆ ಗ್ರಾಹಕರಿಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿ ಕೇಳಿ ಬರೆದುಕೊಳ್ಳುತ್ತೇನೆ. ಪುಸ್ತಕ ತುಂಬುತ್ತ ಬಂದಂತೆ ಕಂಡದ್ದೇನೆಂದರೆ, ಒಂದೇ ಕಂಪನಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಮರುದಿನವೇ ಮುಟ್ಟಿಸುತ್ತದೆ, ಅದೇ ನಗರದ ಇನ್ನೊಂದು ಬಡಾವಣೆಯಲ್ಲಿ ವಾರಗಟ್ಟಲೆ ಸತಾಯಿಸುತ್ತದೆ. ಕಾರಣ, ಅನೇಕ ಕೊರಿಯರ್ ಕಂಪನಿಗಳ ಕೊನೆಯ ಹಂತದ ಕೆಲಸ ನಡೆಯುವುದು ಫ್ರಾಂಚೈಸಿಗಳಿಂದ. ಹೆಸರು ಕಂಪನಿಯದು, ಅಂಗಡಿ, ಹುಡುಗರು ಮತ್ತು ಬೈಕು ಸ್ಥಳೀಯ ಏಜೆಂಟರದು. ಆ ಏಜೆಂಟರು ಚುರುಕಾಗಿದ್ದರೆ ಕಂಪನಿ ಒಳ್ಳೆಯದು, ಅಷ್ಟೆ. ಈಗ ನನ್ನ ಪುಸ್ತಕದ ಹಿಂಭಾಗದಲ್ಲಿ ಪಿನ್‌ಕೋಡ್ ಪ್ರಕಾರ ಒಂದು ಪಟ್ಟಿಯಿದೆ. ಹೊಸ ಆರ್ಡರ್ ಬಂದಾಗ ದರಕ್ಕೆ ಮೊದಲು ಅದನ್ನು ನೋಡುತ್ತೇನೆ.

ಆ ಪಟ್ಟಿಯಲ್ಲಿ ಮಲೆನಾಡು, ಕೊಡಗು ಮತ್ತು ಹಳ್ಳಿಗಳ ಮುಂದೆಲ್ಲ ಅಂಚೆ ಎಂದೇ ಬರೆದಿದೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಖಾಸಗಿಯವರು ತಾಲ್ಲೂಕು ಕೇಂದ್ರಕ್ಕೆ ತಂದು "ಬಂದು ತೆಗೆದುಕೊಂಡು ಹೋಗಿ" ಎನ್ನುವ ಕಡೆಗೆ ಪೋಸ್ಟ್‌ಮ್ಯಾನ್ ಮನೆಗೇ ಹೋಗುತ್ತಾನೆ, ವಿಳಾಸದಲ್ಲಿ ಮನೆ ನಂಬರ್ ಇಲ್ಲದಿದ್ದರೂ ಹೆಸರಿನಿಂದ ಗುರುತಿಸುತ್ತಾನೆ. ಸ್ಪೀಡ್ ಪೋಸ್ಟಿನಲ್ಲಿ 35 ಕೆ.ಜಿ.ಯವರೆಗೆ ಕಳಿಸಬಹುದು. 2025ರ ಅಕ್ಟೋಬರ್‌ನಲ್ಲಿ ದರ ಪರಿಷ್ಕರಿಸಿದಾಗ ಒಟಿಪಿ ಹೇಳಿದವರಿಗೇ ಕೊಡುವ ವ್ಯವಸ್ಥೆಯನ್ನೂ ತಂದಿದ್ದಾರೆ. ಅಂಚೆಯ ತೊಡಕಿರುವುದು ಕೌಂಟರಿನ ಸಾಲಿನಲ್ಲಿ, ಮತ್ತು ಮನೆಗೆ ಬಂದು ಪಾರ್ಸೆಲ್ ಒಯ್ಯುವ ವಿಷಯದಲ್ಲಿ ಖಾಸಗಿಯವರಷ್ಟು ಚುರುಕಿಲ್ಲದಿರುವುದರಲ್ಲಿ. ಬೆಂಗಳೂರು, ಮೈಸೂರಿನ ಅಂಗಡಿಯವರಿಗೆ ಮೂಟೆಯ ಲೆಕ್ಕದಲ್ಲಿ ಕಳಿಸುವಾಗ 2021ರಲ್ಲಿ ಕೆಎಸ್‌ಆರ್‌ಟಿಸಿ ಆರಂಭಿಸಿದ 'ನಮ್ಮ ಕಾರ್ಗೋ' ಎಂಬ ಸೇವೆ ಅನುಕೂಲ, ಏಕೆಂದರೆ ಅಂಗಡಿಯವರು ಬಸ್ ನಿಲ್ದಾಣಕ್ಕೆ ಆಳು ಕಳಿಸಿ ಬಿಡಿಸಿಕೊಳ್ಳುತ್ತಾರೆ. ಮನೆಯವರಿಗೆ ಇದನ್ನು ಹೇಳಿದರೆ ಮುಂದಿನ ಸಲ ಆರ್ಡರ್ ಬರುವುದಿಲ್ಲ.

ತೂಕದ ವಿಷಯಕ್ಕೆ ಬರೋಣ. ಹೊಸಬರ ಲಾಭ ಸೋರುವುದು ಹೆಚ್ಚಾಗಿ ಇಲ್ಲೇ. ಕೊರಿಯರ್ ದರ ಸಾಮಾನ್ಯವಾಗಿ ಅರ್ಧ ಕೆ.ಜಿ. ಅಥವಾ ಒಂದು ಕೆ.ಜಿ.ಯ ಸ್ಲ್ಯಾಬ್‌ಗಳಲ್ಲಿ ಏರುತ್ತದೆ. ಐದು ಕೆ.ಜಿ. ಬೆಲ್ಲ ತುಂಬಿದರೆ ರಟ್ಟಿನ ಪೆಟ್ಟಿಗೆ, ಒಳಗಿನ ಕಾಗದ, ಟೇಪು ಸೇರಿ ತೂಕ ಐದೂಕಾಲು ದಾಟುತ್ತದೆ. ನಾನು ಬುಕ್ ಮಾಡುವ ಅಂಗಡಿಯ ಹುಡುಗ ಪೆಟ್ಟಿಗೆಯನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಕೆಂಪು ಅಂಕಿ ನಿಲ್ಲುವವರೆಗೆ ಕಾದು, "ಅಕ್ಕಾ, ಚೂರು ಜಾಸ್ತಿ ಅದೆ, ಸ್ಲ್ಯಾಬ್ ಹಾರೋಯ್ತದೆ" ಎನ್ನುತ್ತಿದ್ದ. ಅವನ ಆ ಮಾತಿನಿಂದಲೇ ನನ್ನ ಪ್ಯಾಕೆಟ್ಟಿನ ಅಳತೆ ಬದಲಾಯಿತು. ಈಗ ನಾನು ಮಾರುವುದು ಐದು ಕೆ.ಜಿ.ಯ ಪೆಟ್ಟಿಗೆಯಲ್ಲ, ನಾಲ್ಕೂವರೆ ಕೆ.ಜಿ.ಯದು, ಪೆಟ್ಟಿಗೆ ಸಮೇತ ತೂಗಿದಾಗ ಐದರ ಒಳಗೇ ನಿಲ್ಲುತ್ತದೆ. ಗ್ರಾಹಕರಿಗೆ ಇದು ಮೊದಲು ವಿಚಿತ್ರವೆನಿಸಿದರೂ, ಉಳಿಯುವ ಸಾಗಣೆ ವೆಚ್ಚವನ್ನು ತೋರಿಸಿದರೆ ಒಪ್ಪುತ್ತಾರೆ.

ಇದಲ್ಲದೆ ಗಾತ್ರದ ತೂಕ ಎಂಬುದೊಂದಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ಮತ್ತು ನಿಜ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಬೆಲ್ಲ ಒತ್ತಾದ ಪದಾರ್ಥವಾದ್ದರಿಂದ ನಮಗೆ ಇದರ ಕಾಟ ಕಡಿಮೆ. 30, 25, 20 ಸೆಂ.ಮೀ. ಪೆಟ್ಟಿಗೆಗೆ ಗಾತ್ರದ ತೂಕ 3 ಕೆ.ಜಿ. ಮಾತ್ರ, ಒಳಗಿರುವುದು ಅದಕ್ಕಿಂತ ಹೆಚ್ಚು. ಆದರೆ ಹಬ್ಬದ ಉಡುಗೊರೆಗೆಂದು ಬಿದಿರಿನ ಬುಟ್ಟಿಯಲ್ಲಿ ಮೂರು ಕೆ.ಜಿ. ಬೆಲ್ಲವಿಟ್ಟು 40, 30, 30ರ ಪೆಟ್ಟಿಗೆಗೆ ಹಾಕಿದರೆ ಲೆಕ್ಕ 7.2 ಕೆ.ಜಿ. ಆಗುತ್ತದೆ. ಬುಟ್ಟಿಯ ಆಸೆಯನ್ನು ನಾನು ಬಿಟ್ಟದ್ದು ಈ ಕಾರಣಕ್ಕೆ. ಮಧ್ಯವರ್ತಿ ಸಂಸ್ಥೆಗಳ ಮೂಲಕ ಬುಕ್ ಮಾಡುವವರು ಇನ್ನೂ ಒಂದು ಎಚ್ಚರ ವಹಿಸಬೇಕು: ಹಬ್‌ನಲ್ಲಿ, ಅಂದರೆ ಪಾರ್ಸೆಲ್‌ಗಳನ್ನು ಸೇರಿಸಿ ವಿಂಗಡಿಸುವ ಕೇಂದ್ರದಲ್ಲಿ, ಮರುತೂಕ ಮಾಡಿ, ನಾವು ಹೇಳಿದ್ದಕ್ಕಿಂತ ಹೆಚ್ಚು ಬಂತೆಂದು ನಾವು ಅವರಲ್ಲಿ ಮುಂಗಡವಾಗಿ ಹಾಕಿಟ್ಟ ವ್ಯಾಲೆಟ್ಟಿನಿಂದ ಹಣ ಕಡಿದುಕೊಳ್ಳುತ್ತಾರೆ. ತಕ್ಕಡಿಯ ಅಂಕಿಯೂ ಪಾರ್ಸೆಲ್ ನಂಬರೂ ಒಟ್ಟಿಗೆ ಕಾಣುವಂತೆ ಒಂದು ಫೋಟೋ, ಅಳತೆಪಟ್ಟಿ ಇಟ್ಟು ಇನ್ನೊಂದು ಫೋಟೋ ತೆಗೆದಿಟ್ಟುಕೊಂಡು ಅವರು ಕೊಟ್ಟ ಅವಧಿಯೊಳಗೆ ತಕರಾರು ಹಾಕಿದರೆ, ಕಡಿದ ಹಣ ಬಹುಮಟ್ಟಿಗೆ ವಾಪಸ್ ಬರುತ್ತದೆ. ಅವಧಿ ಮೀರಿದರೆ ಕೇಳುವವರಿಲ್ಲ.

ಬೆಲ್ಲಕ್ಕೆ ದೊಡ್ಡ ಶತ್ರು ತೇವ. ಅದರಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಅಂಶ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಅಚ್ಚುಗಳು ಬೆವರಿ, ಅಂಚು ಕರಗಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಪಾಕ ರಟ್ಟಿಗೆ ಇಳಿದರೆ ಪೆಟ್ಟಿಗೆಯ ತಳ ಮೆತ್ತಗಾಗುತ್ತದೆ, ಗೋದಾಮಿನ ಇರುವೆಗಳು ಸಾಲು ಕಟ್ಟುತ್ತವೆ, ಪಕ್ಕದ ಪಾರ್ಸೆಲ್‌ನವರ ಸೀರೆಯೂ ಹಾಳಾಗುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮುಂಬೈಗೆ ಹೋಗುವ ಬೆಲ್ಲವನ್ನು ಅರ್ಧರ್ಧ ಕೆ.ಜಿ.ಯಾಗಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಸೀಲ್ ಮಾಡುತ್ತೇನೆ. ಆಲೆಮನೆಯಿಂದ ಬಂದ ದಿನವೇ ಸೀಲ್ ಮಾಡುವುದಿಲ್ಲ. ಒಳಗಿನ ಬಿಸಿ ಪೂರ್ತಿ ಆರಿ ಅಚ್ಚು ಗಟ್ಟಿಯಾಗಲು ಬಿಡುತ್ತೇನೆ, ಇಲ್ಲದಿದ್ದರೆ ಚೀಲದ ಒಳಗೇ ಹನಿ ಕಟ್ಟುತ್ತದೆ. ಹೊರಗೆ ಐದು ಪದರದ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ, ಸಂದುಗಳಿಗೆ ಹಳೆಯ ಪತ್ರಿಕೆಯ ಕಾಗದ. ಅಲ್ಲಾಡಿಸಿದಾಗ ಸದ್ದು ಬಂದರೆ ಮತ್ತೆ ಬಿಚ್ಚಿ ತುಂಬುತ್ತೇವೆ. 'ಎಚ್ಚರಿಕೆ' ಎಂದು ಕೆಂಪಕ್ಷರದ ಚೀಟಿ ಅಂಟಿಸುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಹಬ್‌ಗಳಲ್ಲಿ ರಾತ್ರಿ ಪಾಳಿಯಲ್ಲಿ ಲಾರಿ ಇಳಿಸುವವರಿಗೆ ಅದನ್ನು ಓದಲು ಬಿಡುವಿರುವುದಿಲ್ಲ.

ತಡವಾಗುವುದರಲ್ಲಿ ಎರಡು ಬಗೆ. ಒಂದು, ದಾರಿಯದು. ಇಲ್ಲಿಂದ ಕೂಗಳತೆಯಲ್ಲಿರುವ ಮದ್ದೂರಿಗೆ ಬುಕ್ ಮಾಡಿದ ಪಾರ್ಸೆಲ್ ಮೊದಲು ಬೆಂಗಳೂರಿನ ಹಬ್‌ಗೆ ಹೋಗಿ, ಅಲ್ಲಿ ವಿಂಗಡಣೆಯಾಗಿ, ಮತ್ತೆ ಅದೇ ಹೆದ್ದಾರಿಯಲ್ಲಿ ವಾಪಸ್ ಬಂದದ್ದನ್ನು ಟ್ರ್ಯಾಕಿಂಗ್‌ನಲ್ಲಿ ನೋಡಿದ್ದೇನೆ. ಎಲ್ಲವನ್ನೂ ಒಂದೆಡೆ ಸೇರಿಸಿ ಹಂಚುವ ಪದ್ಧತಿಯಲ್ಲಿ ಇದು ಸಹಜ. ಇದನ್ನು ಮೊದಲೇ ಗ್ರಾಹಕರಿಗೆ ಹೇಳಿಬಿಟ್ಟರೆ ಅವರು ಕಾಯುತ್ತಾರೆ. ಇನ್ನೊಂದು, ಬಾಗಿಲಿನದು. ಮನೆಯಲ್ಲಿ ಎಲ್ಲರೂ ಇರುವಾಗಲೇ "ಬಂದಿದ್ದೆವು, ಬಾಗಿಲು ಹಾಕಿತ್ತು" ಎಂಬ ಸಂದೇಶ ಬರುತ್ತದೆ. ಇದಕ್ಕೆ ಡೆಲಿವರಿ ಹುಡುಗನ ಮೇಲೆ ಹರಿಹಾಯುವುದು ನನಗೆ ಸರಿಯೆನಿಸುವುದಿಲ್ಲ. ಪಾರ್ಸೆಲ್‌ಗೆ ಇಷ್ಟೆಂದು ದುಡಿಯುವ ಹುಡುಗ ಹಗುರವಾದ ಹತ್ತು ಲಕೋಟೆ ಮುಗಿಸಿ ಭಾರದ ಪೆಟ್ಟಿಗೆಯನ್ನು ನಾಳೆಗೆ ಬಿಡುವುದರಲ್ಲಿ ಒಂದು ಲೆಕ್ಕವಿದೆ. ಸಂದೇಶ ಬಂದ ಅದೇ ದಿನ ಸಂಜೆಯೊಳಗೆ, ಗ್ರಾಹಕ ಸೇವೆಯ ನಂಬರಿಗಲ್ಲ, ಆ ಪಿನ್‌ಕೋಡಿನ ಶಾಖೆಗೇ ಫೋನ್ ಮಾಡಿದರೆ ಮರುದಿನ ಪಾರ್ಸೆಲ್ ಹೊರಡುತ್ತದೆ. ಶಾಖೆಗಳ ಫೋನ್ ನಂಬರ್ ನನ್ನ ಪುಸ್ತಕದಲ್ಲಿ ಪಿನ್‌ಕೋಡಿನ ಪಕ್ಕದಲ್ಲೇ ಇವೆ, ಮತ್ತು ನಿಜ ಹೇಳಬೇಕೆಂದರೆ ಆ ಪುಸ್ತಕದಲ್ಲಿ ಅತ್ಯಂತ ಬೆಲೆಬಾಳುವುದು ಅದೇ.

ಕ್ಯಾಶ್ ಆನ್ ಡೆಲಿವರಿಯನ್ನು ನಾನು ಕೈಬಿಟ್ಟೆ. ಪೆಟ್ಟಿಗೆ ಬೇಡವೆಂದು ತಿರುಗಿ ಬಂದರೆ ಹೋದ ಬಾಡಿಗೆಯ ಜೊತೆಗೆ ಬಂದ ಬಾಡಿಗೆಯೂ ನಮ್ಮದೇ, ಬೆಲ್ಲವೂ ಅಷ್ಟರಲ್ಲಿ ಮಾರುವ ಸ್ಥಿತಿಯಲ್ಲಿರುವುದಿಲ್ಲ.

ನಷ್ಟವಾದಾಗ ಏನು ಸಿಗುತ್ತದೆ ಎಂಬುದನ್ನು ಬುಕ್ ಮಾಡುವ ಮೊದಲೇ ತಿಳಿದಿರಬೇಕು. ರಸೀದಿಯ ಹಿಂದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಕಂಪನಿಯ ಹೊಣೆ ಇಂತಿಷ್ಟೇ ಎಂದಿರುತ್ತದೆ, ಮತ್ತು ಆ ಮೊತ್ತ ಅಲ್ಪವೇ ಆಗಿರುತ್ತದೆ. ಸಹಿ ಹಾಕಿದ ಮೇಲೆ ಅದು ನಮ್ಮನ್ನು ಕಟ್ಟುತ್ತದೆ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೀಗೆಂದು ತೀರ್ಪು ಕೊಟ್ಟಿದೆ. ಒಮ್ಮೆ ಮಳೆಯಲ್ಲಿ ನೆನೆದು ಪಾಕವಾದ ಪೆಟ್ಟಿಗೆಗೆ ಪರಿಹಾರ ಕೇಳಿದಾಗ ಬಂದ ಉತ್ತರ 'ಪ್ಯಾಕಿಂಗ್ ಸರಿಯಿರಲಿಲ್ಲ' ಎಂಬುದು. ಅಂದಿನಿಂದ ಪೆಟ್ಟಿಗೆ ಮುಚ್ಚುವ ಮೊದಲು ಒಂದು ಚಿಕ್ಕ ವಿಡಿಯೋ ತೆಗೆಯುತ್ತೇವೆ, ಗ್ರಾಹಕರಿಗೂ ಬಿಚ್ಚುವಾಗ ತೆಗೆಯಲು ಹೇಳುತ್ತೇವೆ, ಮತ್ತು ಬೆಲೆ ಹೆಚ್ಚಿನ ಪಾರ್ಸೆಲ್‌ಗೆ ಬೆಲೆ ಘೋಷಿಸಿ ವಿಮೆ ಕಟ್ಟುತ್ತೇವೆ. ಮೂಟೆಗಳನ್ನು ಲಾರಿ ಪಾರ್ಸೆಲ್ ಆಫೀಸಿನಲ್ಲಿ ಹಾಕುವವರು 2007ರ ರಸ್ತೆ ಸಾಗಣೆ ಕಾಯ್ದೆಯನ್ನು ನೆನಪಿನಲ್ಲಿಡಬೇಕು: ಹೆಚ್ಚಿನ ಬೆಲೆ ಘೋಷಿಸದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಮತ್ತು ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಲೇಬೇಕು.

ಗ್ರಾಹಕ ಆಯೋಗದ ದಾರಿಯೂ ಇದೆ. 2019ರ ಕಾಯ್ದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಫೋನ್ ಮಾಡಬಹುದು. ಆದರೆ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಈ ಕಾಯ್ದೆ ಹೊರಗಿಡುವುದರಿಂದ, ನನ್ನಂಥ ಮಾರಾಟಗಾರರು ಹೋದರೆ ಕಂಪನಿಯ ಮೊದಲ ಆಕ್ಷೇಪ ಅದೇ ಆಗಿರುತ್ತದೆ. ಮನೆಬಳಕೆಗೆ ತರಿಸಿಕೊಂಡವರಿಗೆ ಆ ಅಡ್ಡಿಯಿಲ್ಲ, ಆದರೆ ಅವರು ಹಣ ಕೊಟ್ಟದ್ದು ನನಗಾದ್ದರಿಂದ ಅವರು ಮೊದಲು ಹಿಡಿಯುವುದು ನನ್ನನ್ನೇ. ಆದಕಾರಣ ಬೆಲ್ಲ ಹಾಳಾಗಿ ಮುಟ್ಟಿತೆಂದು ವಿಡಿಯೋ ಬಂದರೆ, ಕಂಪನಿಯ ಉತ್ತರಕ್ಕೆ ಕಾಯದೆ ಬೇರೆ ಪೆಟ್ಟಿಗೆ ಕಳಿಸಿಬಿಡುತ್ತೇನೆ. ಆ ಖರ್ಚನ್ನು ಮಾರಾಟದ ಬೆಲೆಯಲ್ಲೇ ಸ್ವಲ್ಪ ಸೇರಿಸಿಟ್ಟಿರುತ್ತೇನೆ.

ವರ್ಷದಲ್ಲಿ ಎರಡು ಕಾಲ ಈ ಲೆಕ್ಕಗಳೆಲ್ಲ ತಲೆಕೆಳಗಾಗುತ್ತವೆ. ದೀಪಾವಳಿಯ ಮುಂದೆ ಆನ್‌ಲೈನ್ ಮಾರಾಟ ಮೇಳಗಳ ಸರಕಿನಿಂದ ಹಬ್‌ಗಳು ತುಂಬಿ ತುಳುಕುತ್ತವೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಬೇಕೆನ್ನುವವರ ಆರ್ಡರ್ ಒಟ್ಟಿಗೆ ಬೀಳುತ್ತದೆ. ಹಬ್ಬ ಕಳೆದ ಮೇಲೆ ಮುಟ್ಟಿದ ಬೆಲ್ಲವನ್ನು ಯಾರೂ ಸಂತೋಷದಿಂದ ಬಿಚ್ಚುವುದಿಲ್ಲ. ಹೀಗಾಗಿ ಹೊರರಾಜ್ಯದ ಸಂಕ್ರಾಂತಿ ಆರ್ಡರ್‌ಗಳನ್ನು ಜನವರಿ 3ಕ್ಕೆ, ಕರ್ನಾಟಕದೊಳಗಿನವನ್ನು 8ಕ್ಕೆ ನಿಲ್ಲಿಸುತ್ತೇನೆ. ಆಮೇಲೂ ಬೇಕೇಬೇಕೆನ್ನುವ ಬೆಂಗಳೂರಿನವರಿಗೆ ಮಾತ್ರ, ಬಸ್ ನಿಲ್ದಾಣಕ್ಕೆ ಬಂದು ಬಿಡಿಸಿಕೊಳ್ಳಲು ಒಪ್ಪಿದರೆ, 'ನಮ್ಮ ಕಾರ್ಗೋ'ದಲ್ಲಿ ಹಾಕುತ್ತೇನೆ.