ಹಳೆ ಸರ್ವರ್‌ನ ಬ್ಯಾಕಪ್ ಬೇರೆ ಮೆಷಿನ್ ಮೇಲೆ ಬೂಟ್ ಆಗಬೇಕಾದರೆ

ಸರ್ವರ್‌ನ ಮದರ್‌ಬೋರ್ಡ್ ಹೋಗಿದೆ. ಅದೇ ಮಾಡೆಲ್ ಈಗ ಸಿಗುವುದಿಲ್ಲ. ಪುಣ್ಯಕ್ಕೆ ಬ್ಯಾಕಪ್ ಭದ್ರವಾಗಿದೆ. ಬೇರೆ ಕಂಪನಿಯ ಹೊಸ ಮೆಷಿನ್ ತಂದು ಅದರ ಮೇಲೆ ರಿಸ್ಟೋರ್ ಮಾಡಿದಿರಿ. ನೂರು ಪರ್ಸೆಂಟ್ ಮುಗಿಯಿತು, ಒಂದೂ ಎರರ್ ಬರಲಿಲ್ಲ. ರೀಸ್ಟಾರ್ಟ್ ಮಾಡಿದರೆ ನೀಲಿ ಪರದೆ, ಇಲ್ಲವೇ ಕಪ್ಪು ಪರದೆ ಮೇಲೆ ಮಿನುಗುತ್ತಾ ನಿಂತ ಕರ್ಸರ್.

ಈ ಹೊತ್ತಿನಲ್ಲಿ ಹೆಚ್ಚಿನವರು ಬ್ಯಾಕಪ್ಪೇ ಕೆಟ್ಟಿದೆ ಅಂದುಕೊಂಡು ಇನ್ನೊಮ್ಮೆ ರಿಸ್ಟೋರ್‌ಗೆ ಕೂರುತ್ತಾರೆ. ಮತ್ತೆ ನಾಲ್ಕೈದು ಗಂಟೆ ಹೋಗುತ್ತದೆ, ಪರದೆ ಹಾಗೇ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಡೇಟಾ ಬಹುಪಾಲು ಸರಿಯಾಗಿಯೇ ಬಂದಿರುತ್ತದೆ. ಆ ಆಪರೇಟಿಂಗ್ ಸಿಸ್ಟಮ್‌ಗೆ ಮೆಷಿನ್ ಬದಲಾಗಿದ್ದು ಗೊತ್ತಿಲ್ಲ, ಅಷ್ಟೇ.

ಯಾಕೆ ಹೀಗೆ ಅಂತ ಒಮ್ಮೆ ಅರ್ಥವಾದರೆ ಮುಂದಿನದು ಸುಲಭ. ಮೆಷಿನ್ ಆನ್ ಮಾಡಿದಾಗ ಮೊದಲು ಏಳುವುದು ಬೋರ್ಡಿನಲ್ಲೇ ಇರುವ ಫರ್ಮ್‌ವೇರ್. ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ), ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಎರಡೂ ಮೆಮೊರಿಗೆ ಬರುವುದು ಅದರ ಸಹಾಯದಿಂದ. ಅಲ್ಲಿಂದ ಮುಂದೆ ಡಿಸ್ಕ್ ಓದಲು ಆಪರೇಟಿಂಗ್ ಸಿಸ್ಟಮ್‌ಗೆ ತನ್ನದೇ ಡ್ರೈವರ್, ಅಂದರೆ ಆ ಹಾರ್ಡ್‌ವೇರ್ ಜೊತೆ ಮಾತಾಡುವ ಪ್ರೋಗ್ರಾಂ, ಬೇಕು. ಅದರ ಬಳಿ ಇರುವುದು ಹಳೆ ರೇಡ್ ಕಾರ್ಡ್‌ನ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಕಾರ್ಡ್) ಡ್ರೈವರ್. ಹೊಸ ಕಾರ್ಡ್‌ನ ಡ್ರೈವರ್ ಫೈಲ್ ಡಿಸ್ಕ್‌ನಲ್ಲೇ ಎಲ್ಲೋ ಇದ್ದರೂ, ಡಿಸ್ಕನ್ನೇ ಓದಲು ಬರದಿದ್ದರೆ ಅದನ್ನು ತೆಗೆಯುವುದು ಹೇಗೆ? ಬೀರುವಿನ ಕೀಲಿ ಬೀರುವಿನೊಳಗೇ ಉಳಿದ ಹಾಗೆ.

ಹಾಗಾಗಿ ಡಿಸ್ಕ್ ಡ್ರೈವರ್ ಮೊದಲು, ನೆಟ್‌ವರ್ಕ್ ಆಮೇಲೆ, ಗ್ರಾಫಿಕ್ಸ್ ಮತ್ತಿತರದ್ದು ನಿಧಾನಕ್ಕೆ. ಈ ಸರದಿ ತಪ್ಪಿಸಬೇಡಿ.

ರಿಸ್ಟೋರ್‌ಗೆ ಮುಂಚೆ

ಹಳೆ ಮೆಷಿನ್ ಇನ್ನೂ ಓಡುತ್ತಿದ್ದರೆ ಈಗಲೇ ಒಂದು ಚೀಟಿ ಬರೆದಿಡಿ. ಅದು ಬೂಟ್ ಆಗುವುದು ಹಳೆ ಬಯಾಸ್ ರೀತಿಯಲ್ಲೋ ಯುಇಎಫ್‌ಐ ರೀತಿಯಲ್ಲೋ (ಇವು ಫರ್ಮ್‌ವೇರ್‌ನ ಹಳೆ ಮತ್ತು ಹೊಸ ಬಗೆ), ಡಿಸ್ಕ್‌ನ ಪಾರ್ಟಿಷನ್ ಟೇಬಲ್ (ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂಬ ಪಟ್ಟಿ) ಹಳೆ ಬಗೆಯ ಎಂಬಿಆರೋ ಹೊಸ ಬಗೆಯ ಜಿಪಿಟಿಯೋ, ಡಿಸ್ಕ್‌ಗಳ ಗಾತ್ರ ಎಷ್ಟು, ಐಪಿ, ಗೇಟ್‌ವೇ, ಡಿಎನ್‌ಎಸ್ ಏನು. ಜೊತೆಗೆ ಲೋಕಲ್ ಅಡ್ಮಿನ್ ಪಾಸ್‌ವರ್ಡ್. ಎಲ್ಲರೂ ಮರೆಯುವುದು ಇದನ್ನೇ. ಹೊಸ ಮೆಷಿನ್ ಮೊದಲ ಸಲ ಏಳುವಾಗ ನೆಟ್‌ವರ್ಕ್ ಇರುವುದಿಲ್ಲ, ಡೊಮೇನ್ ಲಾಗಿನ್ (ಕಂಪನಿಯ ನೆಟ್‌ವರ್ಕ್ ಮೂಲಕ ನಡೆಯುವ ಲಾಗಿನ್) ನಂಬಿಕೊಂಡು ಕೂರಲಾಗದು. ಈ ಚೀಟಿ ಕಾಗದದ ಮೇಲಿರಲಿ. ಬಿದ್ದ ಸರ್ವರ್‌ನಲ್ಲೇ ಸೇವ್ ಮಾಡಿದ ಫೈಲ್ ಬೇಕಾದಾಗ ಸಿಗುವುದಿಲ್ಲ, ಅಲ್ವಾ?

ಆಮೇಲೆ ಹೊಸ ಮೆಷಿನ್ ನೋಡಿ. ಹಳೆಯದು ಯುಇಎಫ್‌ಐನಲ್ಲಿ ಬೂಟ್ ಆಗುತ್ತಿದ್ದರೆ ಹೊಸದನ್ನೂ ಹಾಗೇ ಸೆಟ್ ಮಾಡಿ. ಹಳೆಯದು ಬಯಾಸ್ ಆಗಿದ್ದು ಹೊಸದರಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ, ಪಾರ್ಟಿಷನ್ ಟೇಬಲ್ ಬದಲಿಸಿ ಬೂಟ್ ಭಾಗವನ್ನು ಹೊಸದಾಗಿ ಕಟ್ಟುವ ಕೆಲಸವೂ ಸೇರಿಕೊಳ್ಳುತ್ತದೆ. ಅದಕ್ಕೆ ಸಮಯ ಇಟ್ಟುಕೊಳ್ಳಿ.

ಡಿಸ್ಕ್‌ನ ಗಾತ್ರದಲ್ಲೂ ಒಂದು ಪೇಚಿದೆ. ವಿಂಡೋಸ್ ಸರ್ವರ್ ಬ್ಯಾಕಪ್‌ನಲ್ಲಿ ಇಡೀ ಸಿಸ್ಟಮ್ ರಿಸ್ಟೋರ್ ಮಾಡುವಾಗ ಹೊಸ ಡಿಸ್ಕ್ ಹಳೆಯದರಷ್ಟಾದರೂ ಇರಬೇಕು. 4 ಟಿಬಿ ಡಿಸ್ಕ್‌ನಲ್ಲಿ ನೀವು ಬಳಸಿದ್ದು ಬರೀ 300 ಜಿಬಿ ಇದ್ದರೂ 2 ಟಿಬಿ ಎಸ್‌ಎಸ್‌ಡಿಯನ್ನು ಅದು ಒಪ್ಪುವುದಿಲ್ಲ. ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಕೂಡ ಮಾಮೂಲಿಯಾಗಿ ಅಷ್ಟೇ ಗಾತ್ರದ ಅಥವಾ ದೊಡ್ಡ ಡಿಸ್ಕನ್ನೇ ಕೇಳುತ್ತದೆ. ಡಿಸ್ಕ್ ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಕೇಬಲ್ ಕಿತ್ತಿಡಿ

ಬ್ಯಾಕಪ್ ನೆಟ್‌ವರ್ಕ್ ಮೇಲೆ ಇದ್ದರೆ ರಿಸ್ಟೋರ್ ಮುಗಿಯುವ ತನಕ ಕೇಬಲ್ ಬೇಕು. ಮುಗಿದ ತಕ್ಷಣ, ಮೊದಲ ರೀಸ್ಟಾರ್ಟ್‌ಗೆ ಮುಂಚೆ, ಅದನ್ನು ತೆಗೆಯಿರಿ. ನಾನು ಇದನ್ನು ಕಷ್ಟಪಟ್ಟು ಕಲಿತೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಬ್ಯಾಕಪ್ ಸರಿ ಇದೆಯಾ ಅಂತ ಸುಮ್ನೆ ನೋಡಲು ಒಂದು ಲಿನಕ್ಸ್ ಸರ್ವರ್‌ನ ಮೂರು ವಾರ ಹಳೆಯ ಬ್ಯಾಕಪ್ಪನ್ನು ಬೇರೆ ಮೆಷಿನ್ ಮೇಲೆ ರಿಸ್ಟೋರ್ ಮಾಡಿದೆ. ಕೇಬಲ್ ಹಾಕಿಯೇ ಇತ್ತು. ಬೂಟ್ ಆಯಿತು, ಖುಷಿಯಾಯಿತು. ಎರಡೇ ನಿಮಿಷಕ್ಕೆ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ತನ್ನ ಪಾಡಿಗೆ ಓಡಿ, ಮೂರು ವಾರದ ಹಿಂದಿನ ಪಟ್ಟಿ ಹಿಡಿದು, ಆಗಲೇ ಹಣ ಕಟ್ಟಿದ್ದ ಗ್ರಾಹಕರಿಗೆಲ್ಲ ಬಾಕಿ ಇದೆ ಎಂದು ಮೇಲ್ ಕಳಿಸಿತು. ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಲು ಎರಡು ದಿನ ಹಿಡಿಯಿತು. ಹಳೆ ಸರ್ವರ್ ಇನ್ನೂ ಓಡುತ್ತಿದ್ದರಂತೂ ಒಂದೇ ಐಪಿ, ಒಂದೇ ಹೆಸರಿನ ಎರಡು ಮೆಷಿನ್ ಕಚ್ಚಾಡಿಕೊಂಡು ಎರಡೂ ಕೈಕೊಡಬಹುದು.

ವಿಂಡೋಸ್ ಆದರೆ

ನೀಲಿ ಪರದೆ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ, ಹಳೆ ಆವೃತ್ತಿಯಾದರೆ 7ಬಿ ಅಂತ ಮುಗಿಯುವ ಕೋಡ್ ಕಂಡರೆ, ಮೊದಲು ಅನುಮಾನಿಸಬೇಕಾದ್ದು ಡಿಸ್ಕ್ ಡ್ರೈವರನ್ನೇ.

ಇಲ್ಲಿ ತುಂಬಾ ಜನ ಒಂದು ಕಡೆ ಎಡವುತ್ತಾರೆ. ‘ರಿಸ್ಟೋರ್ ಮಾಡುವಾಗ ಪೆನ್ ಡ್ರೈವ್‌ನಿಂದ ಡ್ರೈವರ್ ಲೋಡ್ ಮಾಡಿದ್ದೆನಲ್ಲ, ಡಿಸ್ಕ್ ಕಾಣಿಸಿತಲ್ಲ’ ಎನ್ನುತ್ತಾರೆ. ಆ ಡ್ರೈವರ್ ಸೇರಿದ್ದು ರಿಕವರಿ ಪರಿಸರಕ್ಕೆ, ಅಂದರೆ ರಿಸ್ಟೋರ್ ಮಾಡಲು ಪೆನ್ ಡ್ರೈವ್ ಅಥವಾ ಡಿವಿಡಿಯಿಂದ ತಾತ್ಕಾಲಿಕವಾಗಿ ಎದ್ದ ಪುಟ್ಟ ವಿಂಡೋಸ್‌ಗೆ. ರೀಸ್ಟಾರ್ಟ್ ಆದ ಕೂಡಲೇ ಅದು ಹೋಯಿತು. ರಿಸ್ಟೋರ್ ಆದ ವಿಂಡೋಸ್‌ಗೆ ಅದನ್ನು ಬೇರೆಯಾಗಿಯೇ ಸೇರಿಸಬೇಕು. ಅಂದರೆ ಒಂದೇ ಡ್ರೈವರ್ ಎರಡು ಸಲ, ಎರಡು ಜಾಗಕ್ಕೆ.

ಮತ್ತೆ ರಿಕವರಿ ಮೀಡಿಯಾದಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಡಿಸ್ಕ್ ಕಾಣದಿದ್ದರೆ ಡಿಆರ್‌ವಿಲೋಡ್ ಕಮಾಂಡ್‌ನಿಂದ ಡ್ರೈವರ್ ಹಾಕಿ. ನಂತರ ವಿಂಡೋಸ್ ಫೋಲ್ಡರ್ ಯಾವ ಡ್ರೈವ್‌ನಲ್ಲಿದೆ ಅಂತ ಹುಡುಕಿ. ಇಲ್ಲಿ ಅದು ಸಿ ಆಗಿರದೆ ಡಿ ಅಥವಾ ಇ ಆಗಿರಬಹುದು. ಸಿಕ್ಕ ಮೇಲೆ, ಓಡದೇ ಇರುವ ವಿಂಡೋಸನ್ನು ಹೊರಗಿನಿಂದ ತಿದ್ದುವ ಡಿಸ್ಮ್ ಕಮಾಂಡ್‌ಗೆ ಆ ಡ್ರೈವನ್ನು ಇಮೇಜ್ ಎಂದು ತೋರಿಸಿ, ಆಡ್ ಡ್ರೈವರ್ ಆಯ್ಕೆಯಲ್ಲಿ ಡ್ರೈವರ್ ಫೋಲ್ಡರ್ ಕೊಡಿ. ಫೋಲ್ಡರ್‌ನಲ್ಲಿ ಐಎನ್‌ಎಫ್ ಫೈಲ್ (ಡ್ರೈವರ್ ವಿವರ ಇರುವ ಫೈಲ್) ಇರಬೇಕು. ಕಂಪನಿಯ ಸೈಟ್‌ನಿಂದ ಇಳಿಸಿದ ಸೆಟಪ್ ಫೈಲ್ ಇಲ್ಲಿ ನಡೆಯುವುದಿಲ್ಲ, ಅದನ್ನು ಬಿಚ್ಚಿ ಒಳಗಿನದನ್ನು ತೆಗೆದುಕೊಳ್ಳಿ. ಬೂಟ್‌ಲೋಡರೇ ಸಿಗುತ್ತಿಲ್ಲ ಎಂದಾದರೆ ಬಿಸಿಡಿಬೂಟ್ ಕಮಾಂಡ್ ಬೂಟ್ ಫೈಲ್‌ಗಳನ್ನು ಮತ್ತೆ ಬರೆದುಕೊಡುತ್ತದೆ.

ಡ್ರೈವರ್ ಹಾಕಿದರೂ ಅದೇ ಪರದೆ ಬಂದರೆ ಹೊಸ ಮೆಷಿನ್‌ನ ಸೆಟಪ್‌ಗೆ ಹೋಗಿ ಡಿಸ್ಕ್ ಕಂಟ್ರೋಲರ್ ಯಾವ ಮೋಡ್‌ನಲ್ಲಿದೆ ನೋಡಿ. ರೇಡ್ ಅಥವಾ ಇಂಟೆಲ್ ವಿಎಂಡಿ (ಎನ್‌ವಿಎಂಇ ಎಸ್‌ಎಸ್‌ಡಿಗಳನ್ನು ನಿರ್ವಹಿಸುವ ಇಂಟೆಲ್ ವ್ಯವಸ್ಥೆ) ಮೋಡ್‌ನಲ್ಲಿದ್ದರೆ ಬೇಕಾಗುವ ಡ್ರೈವರೇ ಬೇರೆ. ರೇಡ್ ಬೇಡವಾಗಿದ್ದು ಡಿಸ್ಕ್ ಇನ್ನೂ ಖಾಲಿ ಇದ್ದರೆ, ರಿಸ್ಟೋರ್‌ಗೆ ಮುಂಚೆಯೇ ಅದನ್ನು ಮಾಮೂಲಿ ಎಎಚ್‌ಸಿಐ ಅಥವಾ ಎನ್‌ವಿಎಂಇಗೆ ಬದಲಿಸಿದರೆ ಎಷ್ಟೋ ತಲೆನೋವು ತಪ್ಪುತ್ತದೆ.

ಲಿನಕ್ಸ್ ಆದರೆ

ಲಿನಕ್ಸ್ ಕರ್ನಲ್ ಜೊತೆ ಬಹುಪಾಲು ಡ್ರೈವರ್ ಇರುತ್ತವೆ, ನಿಜ. ಆದರೆ ಬೂಟ್‌ನ ಮೊದಲ ಕ್ಷಣಗಳಲ್ಲಿ ಬಳಕೆಯಾಗುವುದು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟು. ರೆಡ್ ಹ್ಯಾಟ್ ಕುಟುಂಬದ ಸಿಸ್ಟಮ್‌ಗಳಲ್ಲಿ ಡ್ರಾಕಟ್ ಎಂಬ ಪ್ರೋಗ್ರಾಂ ಇದನ್ನು ಕಟ್ಟುವಾಗ ಆ ಮೆಷಿನ್‌ಗೆ ಬೇಕಾದ ಡ್ರೈವರ್‌ಗಳನ್ನಷ್ಟೇ ಹಾಕುತ್ತದೆ. ಹೊಸ ಮೆಷಿನ್‌ನಲ್ಲಿ ಅದು ಸಾಲುವುದಿಲ್ಲ. ಪರದೆ ಮೇಲೆ ಟೈಮ್‌ಔಟ್ ಸಾಲುಗಳು ಒಂದರ ಕೆಳಗೊಂದು ಬಂದು, ಕೊನೆಗೆ ಡ್ರಾಕಟ್ ಪ್ರಾಂಪ್ಟ್‌ನಲ್ಲಿ ನಿಲ್ಲುತ್ತದೆ.

ಅಲ್ಲೇ ಬಿಎಲ್‌ಕೆಐಡಿ ಎಂದು ಟೈಪ್ ಮಾಡಿ ನೋಡಿ. ನಿಮ್ಮ ಡಿಸ್ಕ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅಂದರೆ ಡ್ರೈವರ್ ಇಲ್ಲ. ಡಿಸ್ಕ್ ಇದೆ, ಆದರೆ ಎಸ್‌ಡಿಎ ಇದ್ದದ್ದು ಎನ್‌ವಿಎಂಇ ಹೆಸರಿಗೆ ಬದಲಾಗಿದೆ ಅಂದರೆ ತೊಂದರೆ ಇರುವುದು ಹೆಸರಿನಲ್ಲಿ. ಈ ಒಂದು ಕಮಾಂಡ್ ನಿಮ್ಮ ಅರ್ಧ ರಾತ್ರಿ ಉಳಿಸುತ್ತದೆ.

ಡ್ರೈವರ್ ಇಲ್ಲದಿದ್ದರೆ ಮೊದಲು ಗ್ರಬ್ (ಲಿನಕ್ಸ್‌ನ ಬೂಟ್‌ಲೋಡರ್) ಮೆನುವಿನಲ್ಲಿ ‘ರೆಸ್ಕ್ಯೂ’ ಎಂಬ ಸಾಲು ಇದೆಯಾ ನೋಡಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ಮತ್ತು ನಂತರದವುಗಳಲ್ಲಿ ಇದು ಇರುತ್ತದೆ. ಅದರ ಗಂಟಿನಲ್ಲಿ ಎಲ್ಲಾ ಬಗೆಯ ಡ್ರೈವರ್ ಇರುವುದರಿಂದ ಹೊಸ ಮೆಷಿನ್ ಮೇಲೂ ಎಷ್ಟೋ ಸಲ ನೇರವಾಗಿ ಏಳುತ್ತದೆ. ಎದ್ದ ಮೇಲೆ ಡ್ರಾಕಟ್ ಓಡಿಸಿ ಮಾಮೂಲಿ ಗಂಟನ್ನು ಮತ್ತೆ ಕಟ್ಟಿದರೆ ಮುಗಿಯಿತು. ಆ ಸಾಲು ಇಲ್ಲದಿದ್ದರೆ ಲೈವ್ ಯುಎಸ್‌ಬಿ (ಇನ್‌ಸ್ಟಾಲ್ ಮಾಡದೆ ನೇರವಾಗಿ ಲಿನಕ್ಸ್ ಓಡಿಸುವ ಪೆನ್ ಡ್ರೈವ್) ಹಾಕಿ, ರಿಸ್ಟೋರ್ ಆದ ಪಾರ್ಟಿಷನ್‌ಗಳನ್ನು ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಫೋಲ್ಡರ್ ಮೂರನ್ನೂ ಅದರೊಳಗೆ ಜೋಡಿಸಿ, ಸಿಎಚ್‌ರೂಟ್ ಕಮಾಂಡ್‌ನಿಂದ ರಿಸ್ಟೋರ್ ಆದ ಸಿಸ್ಟಮ್‌ನೊಳಗೆ ಹೋಗಿ ಅದೇ ಕೆಲಸ ಮಾಡಿ. ಡೆಬಿಯನ್, ಉಬುಂಟುಗಳಲ್ಲಿ ಇದಕ್ಕೆ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಕಮಾಂಡ್. ಮೆಷಿನ್ ಯುಇಎಫ್‌ಐ ಆಗಿದ್ದು ಗ್ರಬ್ ಕೂಡ ಹಾಕಬೇಕಿದ್ದರೆ ಲೈವ್ ಯುಎಸ್‌ಬಿಯನ್ನೂ ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಮಾಡಿರಬೇಕು. ಇಲ್ಲದಿದ್ದರೆ ಫರ್ಮ್‌ವೇರ್‌ನ ಬೂಟ್ ಪಟ್ಟಿಗೆ ಹೆಸರು ಸೇರುವುದಿಲ್ಲ.

ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್ ಒಮ್ಮೆ ತೆರೆದು ಪ್ರತಿ ಸಾಲನ್ನೂ ಓದಿ. ಇಮೇಜ್ ಬ್ಯಾಕಪ್ (ಇಡೀ ಡಿಸ್ಕ್‌ನ ನಕಲು) ಆದರೆ ಯುಯುಐಡಿ, ಅಂದರೆ ಪಾರ್ಟಿಷನ್‌ನ ಗುರುತು ಸಂಖ್ಯೆ, ಹಾಗೇ ಬರುತ್ತದೆ. ಪಾರ್ಟಿಷನ್ ಹೊಸದಾಗಿ ಫಾರ್ಮ್ಯಾಟ್ ಮಾಡಿ ಫೈಲ್‌ಗಳನ್ನು ಮಾತ್ರ ಹಾಕಿದ್ದರೆ ಯುಯುಐಡಿ ಬದಲಾಗಿರುತ್ತದೆ. ಹಳೆ ಮೆಷಿನ್‌ಗೆ ಸಿಕ್ಕಿಸಿದ್ದ ಯಾವುದೋ ಎಕ್ಸ್‌ಟರ್ನಲ್ ಡಿಸ್ಕ್‌ನ ಒಂದೇ ಒಂದು ಸಾಲು ಉಳಿದಿದ್ದರೂ ಬೂಟ್ 1 ನಿಮಿಷ 30 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳಬಹುದು.

ಬೂಟ್ ಆದ ಮೇಲೆ

ಕೇಬಲ್ ಈಗಲೂ ಹೊರಗೇ ಇರಲಿ. ಮೊದಲು ಗಡಿಯಾರ ನೋಡಿ. ಸಮಯ ಐದು ನಿಮಿಷಕ್ಕಿಂತ ಜಾಸ್ತಿ ಆಚೀಚೆ ಇದ್ದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಕರ್ಬರೋಸ್ (ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ವ್ಯವಸ್ಥೆ) ಲಾಗಿನ್ ನಡೆಯುವುದಿಲ್ಲ. ಆಮೇಲೆ ಐಪಿ. ವಿಂಡೋಸ್‌ನಲ್ಲಿ ಹಳೆ ಐಪಿ ಕೊಡಲು ಹೋದರೆ ‘ಇದು ಬೇರೆ ಅಡಾಪ್ಟರ್‌ಗೆ ಕೊಟ್ಟಾಗಿದೆ’ ಎಂಬರ್ಥದ ಸಂದೇಶ ಬರುತ್ತದೆ. ಆ ಅಡಾಪ್ಟರ್ ಈಗ ಇಲ್ಲದ ಹಳೆ ಕಾರ್ಡ್‌ನದ್ದು. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂದು ಹೇಳಿದರೆ ಅದು ಮಸುಕಾಗಿ ಕಾಣುತ್ತದೆ, ಅಳಿಸಿ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ನ ಹೆಸರೇ ಬದಲಾಗಿರಬಹುದು. ಹಳೆ ಕಾನ್ಫಿಗ್‌ನಲ್ಲಿ ಹೆಸರನ್ನೂ ಮ್ಯಾಕ್ ಅಡ್ರೆಸ್ಸನ್ನೂ ತಿದ್ದಿ.

ಸರ್ವರ್ ಡೊಮೇನ್ ಕಂಟ್ರೋಲರ್ (ಕಂಪನಿಯ ಎಲ್ಲರ ಲಾಗಿನ್ ಪಟ್ಟಿ ಇಟ್ಟುಕೊಳ್ಳುವ ಸರ್ವರ್) ಆಗಿದ್ದರೆ ಮಾತ್ರ ತುಸು ನಿಲ್ಲಿ. ಬೇರೆ ಕಂಟ್ರೋಲರ್‌ಗಳು ಚೆನ್ನಾಗಿ ಓಡುತ್ತಿರುವಾಗ ಹಳೆ ಡಿಸ್ಕ್ ಇಮೇಜನ್ನು ಹಾಗೇ ಎಬ್ಬಿಸಿದರೆ ಡೈರೆಕ್ಟರಿಯ ಲೆಕ್ಕಾಚಾರ ಹಿಂದಕ್ಕೆ ಹೋಗಿ, ಕಂಟ್ರೋಲರ್‌ಗಳ ನಡುವೆ ಡೇಟಾ ಹೊಂದಾಣಿಕೆ ನಿಂತುಹೋಗಬಹುದು. ಅಂಥ ಕಡೆ ಹೊಸ ವಿಂಡೋಸ್ ಹಾಕಿ, ಅದನ್ನು ಹೊಸ ಕಂಟ್ರೋಲರ್ ಮಾಡಿ, ಉಳಿದವುಗಳಿಂದ ಡೇಟಾ ತಾನಾಗಿ ಹರಿದು ಬರಲು ಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಡೇಟಾಬೇಸ್ ತೆರೆದು ಕೊನೆಯ ಎಂಟ್ರಿಯ ದಿನಾಂಕ ನೋಡಿ. ಕ್ರಾನ್, ವಿಂಡೋಸ್ ಆದರೆ ಟಾಸ್ಕ್ ಶೆಡ್ಯೂಲರ್ ಕೆಲಸಗಳನ್ನು ತಡೆಹಿಡಿದು, ಹಳೆ ಮೆಷಿನ್ ಆಫ್ ಇದೆ ಎಂದು ಖಾತ್ರಿ ಮಾಡಿಕೊಂಡು, ಆಗ ಕೇಬಲ್ ಹಾಕಿ. ವಿಂಡೋಸ್ ಮತ್ತೆ ಆಕ್ಟಿವೇಷನ್ ಕೇಳಬಹುದು. ಹಳೆ ಮೆಷಿನ್ ಜೊತೆಗೇ ಬಂದ ಓಇಎಂ ಲೈಸೆನ್ಸ್ ಆಗಿದ್ದರೆ ಹೊಸದಕ್ಕೆ ಬೇರೆಯದೇ ಬೇಕಾಗುತ್ತದೆ.

ಅದೇ ದಿನ ಹೊಸ ಮೆಷಿನ್‌ನ ಪೂರ್ತಿ ಬ್ಯಾಕಪ್ ಒಂದನ್ನು ತೆಗೆಯಿರಿ. ಹೊಸ ಡಿಸ್ಕ್ ಡ್ರೈವರ್ ಸೇರಿಸಿದ ರಿಕವರಿ ಪೆನ್ ಡ್ರೈವ್ ಮಾಡಿ, ಒಮ್ಮೆ ಅದರಿಂದ ಬೂಟ್ ಮಾಡಿ ಡಿಸ್ಕ್ ಕಾಣುತ್ತದೆಯಾ ನೋಡಿ, ಆ ಕಾಗದದ ಚೀಟಿಯ ಜೊತೆ ಒಂದೇ ಕವರ್‌ನಲ್ಲಿಡಿ.